ಈ ಸಲ ಸೀಲ್ ಬೇಡ

"ಸಾಮಾನು ತೋರಿಸಿ ಸಾರ್."

ಬೆಳಗಿನಿಂದ ಸಂಜೆವರೆಗೆ ನನ್ನದು ಇದೊಂದೇ ಮಾತು. ಏರ್‌ಪೋರ್ಟಿನಲ್ಲಿ ಟ್ಯಾಕ್ಸ್ ರೀಫಂಡ್ ಕೌಂಟರ್ ನನ್ನದು. ಹೊರದೇಶದವರು ಇಲ್ಲಿ ಕೊಂಡ ವಸ್ತುವಿನ ತೆರಿಗೆ ವಾಪಸ್ ಸಿಗಬೇಕಾದರೆ ಆ ವಸ್ತು ಹೊಸದಾಗಿರಬೇಕು, ಟ್ಯಾಗ್ ಇರಬೇಕು, ಅವರ ಜೊತೆ ದೇಶ ಬಿಟ್ಟು ಹೋಗಬೇಕು. ನಾನು ಬಿಚ್ಚಿ ನೋಡಿ ಬಿಲ್ಲಿಗೆ ಸೀಲ್ ಹೊಡೆಯಬೇಕು.

ಗಾಜಿನ ಕೆಳಗಿನ ಕಿಂಡಿಯಿಂದ ಆ ಸಾರ್ ಎಂದಿನಂತೆ ತಳ್ಳಿದ್ದು ಒಂದು ಜೊತೆ ಹೆಂಗಸರ ಗ್ಲೌಸ್. ಪುಟ್ಟ ಕೈಯದು.

ಗಾಜಿಗೆ ಸರಿಯಾಗಿ ಮುಖದ ಎತ್ತರಕ್ಕೇ ಯಾವ ಪುಣ್ಯಾತ್ಮನೋ ನೋಟೀಸು ಅಂಟಿಸಿದ್ದ. ಬಗ್ಗಿದರೆ ಮಾತ್ರ ಮುಖ ಕಾಣುತ್ತಿತ್ತು. ಅವರು ಪ್ರತಿ ಸಲವೂ ಹೋಗುವಾಗ ಬಗ್ಗಿ, "ಬರ್ತೀನಿ ಮೇಡಂ" ಅನ್ನುತ್ತಿದ್ದರು. ಆ ಒಂದು ನೋಟಕ್ಕೆ ನನ್ನ ಇಡೀ ದಿನ ಹಾಳಾಗುತ್ತಿತ್ತು.

ಲಿಫ್ಟ್ ರಿಪೇರಿಯ ಕಂಪನಿಯವರು, ಹೊರದೇಶದಲ್ಲಿ ನೆಲೆಸಿದ ಕನ್ನಡದವರು. ಒಂದೆರಡು ತಿಂಗಳಿಗೊಮ್ಮೆ ಬರುತ್ತಿದ್ದರು, ಹೋಗುವಾಗ ಗ್ಲೌಸ್ ಇದ್ದೇ ಇರುತ್ತಿತ್ತು. ಒಮ್ಮೆ ಕೆಂಪು, ಒಮ್ಮೆ ಬೂದಿ ಬಣ್ಣ, ಒಮ್ಮೆ ಮಣಿಕಟ್ಟಿನಲ್ಲಿ ಗುಂಡಿ ಸಾಲು. ಪಕ್ಕದ ಕೌಂಟರಿನ ಅಕ್ಕ ಮೊಣಕೈಯಲ್ಲಿ ತಿವಿದು, "ಬಂದ ನೋಡೇ ನಿನ್ನ ಗ್ಲೌಸಪ್ಪ" ಅನ್ನುವಳು.

ಎಲ್ಲೋ ಒಬ್ಬಳು ಪುಣ್ಯವಂತೆ ಇದ್ದಾಳೆ ಅಂದುಕೊಂಡಿದ್ದೆ. ಮುಖ ನೋಡದವಳ ಮೇಲೆ ಹೊಟ್ಟೆಕಿಚ್ಚು ಬಂದರೆ ಅದಕ್ಕೆ ಮದ್ದಿಲ್ಲ.

ಒಂದು ದಿನ ಅವರು ಬ್ಯಾಗಿನಲ್ಲಿ ಬಿಲ್ ಹುಡುಕುತ್ತಿದ್ದರು. ಅದೇನು ಬುದ್ಧಿಯೋ, ನಾನು ಗ್ಲೌಸಿನೊಳಗೆ ಕೈ ತೂರಿಸಿದೆ. ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. ಎಳೆಯುತ್ತಿರುವಾಗಲೇ ಅವರು ಬಗ್ಗಿದರು.

"ಆಗಲ್ವಾ?"

"ಮೊರದಗಲ ಇದೆ ಸಾರ್ ನನ್ನ ಕೈ," ಅಂದೆ. ಮುಖ ಬಿಸಿಯಾಗಿತ್ತು.

"ಅವಳಿಗೂ ಈಗ ಆಗಲ್ಲ."

"ಯಾಕೆ, ಮನೆಯವರು ದಪ್ಪ ಆದ್ರಾ?"

"ಇಲ್ಲ. ಹೋಗಿಬಿಟ್ಟಳು."

ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ಮೆಲ್ಲಗೆ ನಕ್ಕರು.

"ಮೊದಲನೇ ಸಲ ಇಲ್ಲಿಗೆ ಬರೋವಾಗ ಕೇಳಿದ್ದಳು, ಮರೆತೆ. ಮುಂದಿನ ಸಲ ತರೋಷ್ಟರಲ್ಲಿ ಅವಳೇ ಇರಲಿಲ್ಲ. ಈಗ ಆ ಗ್ಲೌಸ್ ಅಂಗಡಿ ದಾಟೋಕೆ ಕಾಲೇ ಬರಲ್ಲ. ಕೊಳ್ತೀನಿ, ಟ್ಯಾಗ್ ಸಮೇತ ಡ್ರಾಯರಿಗೆ ಹಾಕ್ತೀನಿ. ಅದನ್ನ ಬಿಚ್ಚಿ ನೋಡೋರು ನೀವೊಬ್ಬರೇ."

ಅವತ್ತಿನಿಂದ ಅವಳು ನನ್ನನ್ನೂ ಹಿಡಿದುಕೊಂಡಳು. ಅವರ ಗ್ಲೌಸ್ ಮುಟ್ಟಿದರೆ ಒಳಗೆ ಬೆರಳಿದೆ ಅನಿಸುವುದು. ಒತ್ತಿ ನೋಡಿದರೆ ಏನಿಲ್ಲ, ಚಪ್ಪಟೆ. ಆದರೂ ನೋವಾಗದ ಹಾಗೆ ಕೆಳಗಿಡುತ್ತಿದ್ದೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ನೀರಿನೊಳಗೆ ನನ್ನ ಕೈ ಪಕ್ಕ ಇನ್ನೊಂದು ಪುಟ್ಟ ಕೈ ಇದ್ದ ಹಾಗಾಗಿ ಮೈ ಜುಂ ಅನ್ನುತ್ತಿತ್ತು. ಅವರನ್ನು ಪ್ರೀತಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಇಲ್ಲದವಳ ಜೊತೆ ಜಗಳ ಆಡುವುದಾದರೂ ಹೇಗೆ?

ಅಷ್ಟರಲ್ಲಿ ಹೊಸ ನಿಯಮ ಬಂತು. ಇನ್ನು ಮೆಷಿನ್ನು. ಪಾಸ್‌ಪೋರ್ಟ್ ಇಟ್ಟು ಬಿಲ್ ತೋರಿಸಿದರೆ ಮುಗಿಯಿತು, ವಸ್ತುವನ್ನು ಯಾರೂ ನೋಡುವುದಿಲ್ಲ. ಕೌಂಟರ್ ಬಂದ್. ನನ್ನನ್ನು ಕಾರ್ಗೋ ಕಟ್ಟಡಕ್ಕೆ ಹಾಕಿದರು. ಅಲ್ಲಿಗೆ ಪ್ರಯಾಣಿಕರು ಕಾಲಿಡುವುದಿಲ್ಲ.

ಕೊನೆಯ ದಿನ ಅವರು ಬಂದರು. ಮೆಷಿನ್ನುಗಳ ಸಾಲು ದಾಟಿಕೊಂಡು ನನ್ನ ಕಿಂಡಿಗೇ ಬಂದು ಒಂದು ಡಬ್ಬಿ ತಳ್ಳಿದರು.

"ನಿಮಗೆ ಅಂತ ತಂದೆ."

ಆ ಪುಟ್ಟ ಅಳತೆಯೇ ಇದ್ದರೆ? ಅವಳ ಜಾಗಕ್ಕೆ ನನ್ನನ್ನು ತುರುಕಲು ಬಂದಿದ್ದರೆ? ಹಾಗಿದ್ದರೆ ವಾಪಸ್ ತಳ್ಳಬೇಕು, ಮನಸ್ಸು ಒಡೆದರೂ ಸರಿ, ಅಂದುಕೊಂಡೇ ಮುಚ್ಚಳ ತೆಗೆದೆ. ಕಂದು ಬಣ್ಣದ ಗ್ಲೌಸ್. ಟ್ಯಾಗ್ ಇರಲಿಲ್ಲ.

"ಟ್ಯಾಗ್ ಇಲ್ಲ ಸಾರ್. ಸೀಲ್ ಹಾಕೋ ಹಾಗಿಲ್ಲ."

"ನಾನೇ ಕತ್ತರಿಸಿದೆ. ಈ ಸಲ ಸೀಲ್ ಬೇಡ. ಇದು ದೇಶ ಬಿಟ್ಟು ಹೋಗಲ್ಲ."

ಕೈ ತೂರಿಸಿದೆ. ಹೆಬ್ಬೆರಳ ಬುಡ ದಾಟಿ ಮಣಿಕಟ್ಟಿನವರೆಗೆ ಸಲೀಸಾಗಿ ಹೋಯಿತು. ಒಳಗೆ ನನ್ನ ಬೆರಳು ಬಿಟ್ಟು ಬೇರೆ ಯಾರದೂ ಇರಲಿಲ್ಲ.

"ಅಳತೆ ಹೇಗೆ ಗೊತ್ತಾಯ್ತು?"

ಅವರು ಬಗ್ಗಿದರು. "ನಿಮ್ಮ ಮುಖಕ್ಕಿಂತ ಕೈಯನ್ನೇ ಅಲ್ವಾ ನಾನು ಜಾಸ್ತಿ ನೋಡಿರೋದು." ಆಮೇಲೆ, "ಒಂದು ಹೇಳಿಬಿಡ್ತೀನಿ. ಡ್ರಾಯರಿನಲ್ಲಿ ಇರೋದನ್ನ ನಾನು ಎಸೆಯೋಕಾಗಲ್ಲ," ಅಂದರು.

"ಎಸೀಬೇಡಿ," ಅಂದೆ. "ಟ್ಯಾಗ್ ಮಾತ್ರ ತೆಗೀರಿ ಪಾಪ. ಎಲ್ಲಾ ಅವರದೇ ತಾನೇ."

ಅವರ ಕಣ್ಣು ತುಂಬಿತು. ವಿಮಾನಕ್ಕೆ ಕೊನೆಯ ಕರೆ ಕೂಗುತ್ತಿದ್ದರು.

"ಮುಂದಿನ ಸಲ ಕಾರ್ಗೋ ಗೇಟಿನ ಹತ್ತಿರ ಕಾಯ್ತೀನಿ," ಅಂದರು. "ಬರ್ತೀರಾ?"

"ಬರ್ತೀನಿ. ಅಲ್ಲಿ ಗಾಜಿಲ್ಲ."

ಸಂಜೆ ಕೊನೆಯ ಸಲ ಶಟರ್ ಎಳೆಯುವಾಗ ಅಕ್ಕ ಕೇಳಿದಳು, "ಒಳಗೆ ಇಷ್ಟು ಸೆಖೆ, ಗ್ಲೌಸ್ ಯಾಕೇ?"

"ನನಗೆ ಸರಿಯಾಗಿ ಆಗುತ್ತೆ ಅಕ್ಕ," ಅಂದೆ.