ಎಂಟು ಹೆಚ್ಚು, ಹದಿನೆಂಟು ಕಡಿಮೆ

"ಎಂಟನೇ ವರ್ಣತಂತು ಹೆಚ್ಚಾಗಿದೆ. ಹದಿನೆಂಟರಲ್ಲಿ ಒಂದು ತುಂಡೇ ಕಾಣೆ. ಜಠರದ ಕ್ಯಾನ್ಸರ್ ಇಷ್ಟು ಮುಂದುವರಿದಿದ್ರೆ... ಈ ಮನುಷ್ಯ ಉಳಿದಿರಲಿಕ್ಕಿಲ್ಲ ಬಿಡಿ."

ಪರದೆಯ ಮೇಲೆ ರೋಗಿಯೊಬ್ಬನ ವರ್ಣತಂತು ನಕ್ಷೆ ತೋರಿಸುತ್ತ ನಾರೆ ಇನ್ನೂ ಮಾತು ಮುಗಿಸಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

ಹಿಂದಿನ ಸಾಲಿನಿಂದ ಬಂದ ಧ್ವನಿ! ಅಂಕಿಅಂಶ ನೋಡಿಕೊಳ್ಳಲು ಕೊರಿಯಾದ ಗ್ವಾಂಗ್ಜು ನಗರದ ಆ ಪ್ರಯೋಗಾಲಯಕ್ಕೆ ಅಂದೇ ಸೇರಿದ್ದ ಇನ್‌ಹೊ. ಉತ್ತರಕ್ಕೂ ಕಾಯದೆ ಎದ್ದು ಹೊರಟೇ ಹೋದ.

'ಎಷ್ಟು ಸೊಕ್ಕು!' ನಾರೆಯ ಕಿವಿ ಬಿಸಿಯಾಯಿತು.

ಆದರೂ ಮುಂದಿನ ದಿನಗಳಲ್ಲಿ ಅವಳ ಕಣ್ಣು ಅವನನ್ನೇ ಹುಡುಕತೊಡಗಿತು. ಅಮ್ಮ ತೀರಿಕೊಂಡ ಮೇಲೆ "ಊಟ ಆಯ್ತಾ?" ಎಂದು ಕೇಳುವವರು ಅವಳ ಮನೆಯಲ್ಲಿ ಯಾರೂ ಇರಲಿಲ್ಲ. ಅವನೂ ಮಧ್ಯಾಹ್ನ ಯಾರ ಜೊತೆಗೂ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ, ತಾನೇ ಸುತ್ತಿದ ಅನ್ನದ ಸುರುಳಿ, ಕಿಂಬಾಪ್, ತುಂಬಿದ ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟಳು.

ಸಂಜೆ ನೋಡಿದರೆ ಡಬ್ಬಿ ಕಾವಲುಗಾರನ ಕೈಯಲ್ಲಿ!

"ಹೊಸ ಸಾರ್ ಕೊಟ್ರಮ್ಮ. ಭಾರಿ ರುಚಿಯಾಗಿದೆ!"

'ಬೇಡ ಅಂದಿದ್ದರೆ ಆಗುತ್ತಿರಲಿಲ್ಲವೇ...' ಬಸ್ಸಿನ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತಳು.

ಅವಳು ಮತ್ತೆ ಅವನನ್ನು ಮಾತಾಡಿಸಲಿಲ್ಲ. ಚಳಿಗಾಲ ಬಂತು. ವರ್ಷದ ಕೊನೆಯ ಔತಣದಲ್ಲಿ ಹಿರಿಯರ ಒತ್ತಾಯಕ್ಕೆ ಇನ್‌ಹೊ ಬಟ್ಟಲು ತುಂಬ ಅನ್ನ, ಮಾಂಸ ತಿಂದ. ಸ್ವಲ್ಪ ಹೊತ್ತಿಗೇ ಬೆವೆತು, ಬಿಳಿಚಿಕೊಂಡು ಹೊರಗೆ ಓಡಿದ. ನಾರೆ ತಡೆಯಲಾರದೆ ಹಿಂದೆಯೇ ಹೋದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.

"ಏನಾಯ್ತು ಇನ್‌ಹೊ ಅವರೇ? ಡಾಕ್ಟರ್‌ನ ಕರೀಲಾ?"

"ಬೇಡ... ಸರಿಹೋಗುತ್ತೆ. ನನಗೆ ಜಠರವೇ ಇಲ್ಲ, ನಾರೆ ಅವರೇ. ಕ್ಯಾನ್ಸರ್ ಅಂತ ಮೂರು ವರ್ಷದ ಹಿಂದೆ ಪೂರ್ತಿ ತೆಗೆದುಬಿಟ್ರು. ಒಂದೊಂದೇ ತುತ್ತು ತಿನ್ನಬೇಕು. ನಿಮ್ಮ ಕಿಂಬಾಪ್‌ನಲ್ಲಿ ಒಂದು ತುಂಡು ತಿಂದೆ. ಉಳಿದಿದ್ದನ್ನ ಎಸೆಯೋಕೆ ಮನಸ್ಸು ಬರಲಿಲ್ಲ."

ಅವಳು ಅವನತ್ತ ಬಾಗಿದಳು.

"ಹಾಗಾದ್ರೆ ಅವತ್ತು... ಆ ನಕ್ಷೆ ನಿಮ್ದಾ?"

"ಗೊತ್ತಿಲ್ಲ. ಅದರಲ್ಲಿ ಹೆಸರು ಇರಲ್ವಲ್ಲ. ಆದ್ರೆ ನನ್ನದೂ ಹಾಗೇ ಇತ್ತು. ಎಂಟು ಹೆಚ್ಚು, ಹದಿನೆಂಟು ಕಡಿಮೆ. ನನ್ನ ಸಾವಿನ ಸುದ್ದೀನ ನಾನೇ ಕೇಳಿಸ್ಕೊಂಡ ಹಾಗಾಯ್ತು."

"ಕ್ಷಮಿಸಿ..." ಅವಳ ಕಣ್ಣು ತುಂಬಿ ಬಂತು. "ನಾನು ಗೆರೆಗಳನ್ನಷ್ಟೇ ನೋಡ್ದೆ. ಅದರ ಹಿಂದೆ ಒಬ್ಬರು ಇರ್ತಾರೆ ಅನ್ನೋದೇ ಮರೆತುಹೋಗಿತ್ತು."

ಹಿಮ ಬೀಳತೊಡಗಿತ್ತು. ಅವಳು ಅವನ ಪಕ್ಕದಲ್ಲೇ ಕೂತಳು.

"ನನ್ನನ್ನ ಹಚ್ಕೋಬೇಡಿ. ಆ ಕಾಯಿಲೆ ಯಾವಾಗ ವಾಪಸ್ ಬರುತ್ತೋ..."

"ಬಂದಾಗ ಇಬ್ರೂ ಸೇರಿ ನೋಡ್ಕೊಳ್ಳೋಣ. ಒಬ್ಬಳೇ ಊಟಕ್ಕೆ ಕೂತು ಕೂತು ನಂಗೂ ಸಾಕಾಗಿದೆ, ಇನ್‌ಹೊ."

ಹೆಸರಿನ ಜೊತೆಗಿನ 'ಅವರೇ' ತಾನಾಗಿಯೇ ಬಿಟ್ಟುಹೋಗಿತ್ತು. ಅವಳು ತುಟಿ ಕಚ್ಚಿಕೊಂಡಳು.

ಬಿಳಿಚಿದ ಆ ಮುಖದಲ್ಲಿ ಮೊದಲ ಸಲ ನಗು ಕಂಡಿತು.

"ಇನ್ನೊಂದ್ಸಲ ಹಾಗೇ ಕರಿ..."