ಪರದೆಯ ಮೇಲಿನ ಹಸಿವು

ಸ್ಫೂರ್ತಿಯ ಕರುಳು ಮಾತಾಡತೊಡಗಿದಾಗ ಸ್ಫೂರ್ತಿಗೆ ಪ್ರಜ್ಞೆ ಇರಲಿಲ್ಲ. ಮೂಗಿನಿಂದ ಸಣ್ಣಕರುಳಿನವರೆಗೆ ಇಳಿಬಿಟ್ಟ ಕೊಳವೆಯ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಸಂವೇದಕವಿತ್ತು. ಕರುಳಿನ ಒಳಪದರವೂ ಅಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳೂ ಸೂಸುವ ರಾಸಾಯನಿಕಗಳನ್ನು ಓದಿ, ಅದು ತೀವ್ರ ನಿಗಾ ಘಟಕದ ಹೊರಗಿನ ಪರದೆಯ ಮೇಲೆ ಒಂದೇ ಪದ ಮೂಡಿಸುತ್ತಿತ್ತು: ಹಸಿವು.

ಹುಬ್ಬಳ್ಳಿಯ ಡಾ. ಅನುಷಾ ನಾಡಗೌಡ ರೂಪಿಸಿದ ಈ ಯಂತ್ರಕ್ಕೆ ಕರುಳುಗನ್ನಡಿ ಎಂದು ಹೆಸರು. ರಕ್ತನಾಳದ ಮೂಲಕ ಆಹಾರ ಹರಿಸಿದರೆ ಮೈಗೆ ಬೇಕಾದದ್ದೆಲ್ಲ ಸಿಗುತ್ತದೆ, ಕರುಳಿಗೆ ಮಾತ್ರ ಉಪವಾಸ. ಕೆಲಸವಿಲ್ಲದ ಕರುಳಿನ ಒಳಪದರ ಸವೆಯುತ್ತದೆ. ಸವೆದ ಕಡೆ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಸುಳುತ್ತವೆ. ಇದನ್ನು ಅಂಕಿಗಳಲ್ಲಿ ಹೇಳಿದಾಗ ವೈದ್ಯರು ನಾಳೆ ನೋಡೋಣ ಎನ್ನುತ್ತಿದ್ದರು. ಹಸಿವು ಎಂದು ಬರೆದ ಮೇಲೆ ಯಾರೂ ದಾಟಿ ಹೋಗಲಿಲ್ಲ. ಆ ಪದ ಹೊಳೆದದ್ದಕ್ಕೆ ಅನುಷಾಗೆ ಒಳಗೊಳಗೇ ಹೆಮ್ಮೆಯಿತ್ತು.

ಪರದೆಯನ್ನು ಓದುವವರು ವೈದ್ಯರಷ್ಟೇ ಅಲ್ಲ ಎಂಬುದು ಮಾತ್ರ ಆಕೆಗೆ ಹೊಳೆದಿರಲಿಲ್ಲ. ಹಸಿದವರನ್ನು ಎದುರಿಗಿಟ್ಟುಕೊಂಡು ಉಣ್ಣುವ ಗಂಟಲು ಯಾರಿಗಿದೆ? ಪಡಸಾಲೆಯಲ್ಲಿ ಕಾಯುವ ನೆಂಟರು ರೊಟ್ಟಿ ಗಂಟನ್ನು ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದರು. ಕ್ಯಾಂಟೀನಿನವನು ನೊಣ ಹೊಡೆಯುತ್ತ ಕುಳಿತಿದ್ದ.

ಸ್ಫೂರ್ತಿಯ ತಂದೆ ಪ್ರಭುಲಿಂಗಪ್ಪ ಕೋರಿಶೆಟ್ಟರ್ ಖಾನಾವಳಿ ನಡೆಸುವವರು. ಪಂಕ್ತಿಯ ಕೊನೆಯವನು ಕೈ ತೊಳೆಯುವ ತನಕ ತಾವು ತುತ್ತು ಮುಟ್ಟಿದವರಲ್ಲ. ನ್ಯುಮೋನಿಯಾ ಉಲ್ಬಣಿಸಿ ಮಗಳ ರಕ್ತದೊತ್ತಡ ಕುಸಿದಾಗಿನಿಂದ ಅವರು ನೀರಿನ ಮೇಲೇ ಇದ್ದರು. ಒಂದು ಮಧ್ಯಾಹ್ನ ಪರದೆಯ ಕೆಳಗೇ ತಲೆ ತಿರುಗಿ ಬಿದ್ದರು.

ಎಬ್ಬಿಸಿ ಕೂರಿಸಿದ ಅನುಷಾಗೆ ಅವರು ಕೈಮುಗಿದರು. “ಆಕಿಗೆ ಒಂದೀಟು ಗಂಜಿ ತಿಳಿನಾದ್ರೂ ಹಾಕ್ರಿ, ಮೇಡಂ. ಹಸದಾಳಂತ ನಿಮ್ಮ ಮಷೀನೇ ಹೇಳಾಕತ್ತೈತಿ.”

“ಈಗ ಹಾಕಿದ್ರ ಕರುಳು ತಡಕೊಳ್ಳಂಗಿಲ್ರಿ, ಕಾಕಾ. ಅದಕ್ಕ ರಕ್ತಾನ ಸಾಲವಲ್ದು. ಒತ್ತಡ ಏರಲಿ, ಹಾಕ್ರಿ ಅಂತ ಮೊದಲು ನಾನ ಹೇಳ್ತೀನಿ.”

ಹಸಿವು ಕಂಡುಹಿಡಿಯುವ ಯಂತ್ರ ಕಟ್ಟಿದಾಕೆಗೆ ಒಂದು ಚಮಚ ಗಂಜಿ ಕೊಡಲು ಬರಲಿಲ್ಲ. ಮುದುಕರ ಮುಖ ನೋಡಿ ಅನುಷಾಗೆ ಅಳು ಬಂತು. ಸಂಜೆ ಆಕೆ ತಾನೇ ಕುಳಿತು ಪರದೆಯ ಪದ ಅಳಿಸಿ, ಅಲ್ಲಿ ‘ಸಂಕೇತ ಮೂರು’ ಎಂದು ಹಾಕಿದಳು. ವೈದ್ಯರಿಗೆಲ್ಲ ಅದರ ಅರ್ಥ ತಿಳಿಸಿದಳು.

ಮರುದಿನ ಪ್ರಭುಲಿಂಗಪ್ಪ ಓಡಿಬಂದರು. ಹಸಿವು ಅಳಿಸಿಹೋಗಿದೆ ಎಂದರೆ ಮಗಳಿಗೆ ಊಟ ಹಾಕಿದ್ದಾರೆ ಎಂದೇ ಅವರ ಲೆಕ್ಕ.

“ಹೊಟ್ಟಿ ತುಂಬಿತಲ್ರಿ ಆಕಿಗೆ?”

ಅನುಷಾ ಹೌದೆಂದು ತಲೆಯಾಡಿಸಿದಳು. ಆ ಮಧ್ಯಾಹ್ನ ಪ್ರಭುಲಿಂಗಪ್ಪ ಕ್ಯಾಂಟೀನಿನಲ್ಲಿ ಹೊಟ್ಟೆತುಂಬ ಉಂಡರು.

ಅನುಷಾ ಸಮ್ಮೇಳನಕ್ಕೆಂದು ಹೊರಟುಹೋದ ಮರುದಿನ ಸ್ಫೂರ್ತಿಯ ರಕ್ತದೊತ್ತಡ ಚೇತರಿಸಿಕೊಂಡಿತು. ಕೊಳವೆಯಲ್ಲಿ ಹನಿಹನಿಯಾಗಿ ಆಹಾರ ಶುರುಮಾಡಬಹುದಿತ್ತು. ಆದರೆ ಸಂಕೇತ ಮೂರನ್ನು ಕಂಡು ಯಾರ ಕರುಳೂ ಚುರುಕ್ಕೆನ್ನಲಿಲ್ಲ. ನಾಳೆ ನೋಡೋಣ ಎಂದರು, ನಾಳೆಯೂ ಹಾಗೇ ಅಂದರು. ಅನುಷಾ ಮರಳುವ ಹೊತ್ತಿಗೆ ಕರುಳಿನ ಬ್ಯಾಕ್ಟೀರಿಯಾಗಳು ರಕ್ತದಲ್ಲಿದ್ದವು. ಔಷಧಗಳು ಸೋತವು. ಸ್ಫೂರ್ತಿ ತೀರಿಕೊಂಡಳು.

ಅದೊಂದೇ ಕಾರಣವೆಂದು ಯಾರೂ ಆಣೆ ಮಾಡಿ ಹೇಳಲಾರರು. ಅನುಷಾಗೆ ಆ ಸಮಾಧಾನ ಸಾಕಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದು ಆಕೆ ಪ್ರಭುಲಿಂಗಪ್ಪನವರ ಬಳಿ ಹೋಗಿ ನಿಂತಳು. ಅವರೇ ಮೊದಲು ಮಾತಾಡಿದರು.

“ನನ್ನ ಮಗಳು ಹಸದು ಹೋಗಲಿಲ್ರಿ. ಉಂಡು ಹೋದ್ಲು. ನಿಮಗ ಪುಣ್ಯ ಬರಲಿ.”

ಅನುಷಾ ಅವರಿಗೆ ಕೈಮುಗಿದಳು. ಅವರು ಮೆಟ್ಟಿಲಿಳಿದು ಹೋದ ಮೇಲೆ ಆಕೆ ಪರದೆಗೆ ಹಳೆಯ ಪದವನ್ನೇ ಮರಳಿ ಹಾಕಿದಳು. ಪಡಸಾಲೆಯಲ್ಲಿ ಆಗತಾನೆ ಊಟಕ್ಕೆ ಕುಳಿತಿದ್ದ ಯಾರದೋ ತಾಯಿ ಅದನ್ನು ಓದಿ, ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

ಇದೆಲ್ಲ ನಡೆಯುವುದಕ್ಕೆ ಮೂವತ್ತು ನಲವತ್ತು ವರ್ಷ ಮೊದಲು, ಅಂದರೆ ನಮ್ಮ ಈ ದಿನಗಳಲ್ಲಿ, ಅಂಥ ಪರದೆ ಇಲ್ಲ. ಒಳಗೆ ಮಲಗಿದವರು ಏನಾದರೂ ಉಂಡರೇ ಎಂದು ಯಾರೋ ಕೇಳುತ್ತಾರೆ. ಗ್ಲೂಕೋಸ್ ಹಚ್ಚ್ಯಾರ ಎನ್ನುತ್ತೇವೆ, ನಮ್ಮ ಊಟದ ಡಬ್ಬಿ ಬಿಚ್ಚುತ್ತೇವೆ.