ಒಗರಿಗೆ ತಕ್ಕ ಖಾರ

ಏಪ್ರಿಲ್ ತಿಂಗಳು. ಮೆಲ್ಬರ್ನ್‌ನಲ್ಲಿ ಅದು ಎಲೆ ಉದುರುವ ಕಾಲ. ಮಧ್ಯಾಹ್ನ ನಾಲ್ಕು ಗಂಟೆಗೆ ಗ್ಲೆನ್ ವೇವರ್ಲಿಯ ನನ್ನ ಅಡುಗೆಮನೆ ಬಾಗಿಲಲ್ಲಿ ಅರುಂಧತಿ ನಿಂತಿದ್ದರು. ಕೈಯಲ್ಲಿ ಬಾಟಲಿ, ಮುಖದಲ್ಲಿ ಗಾಬರಿ.

“ಮಡಿವಾಳಪ್ಪನವರೇ, ಖಾರ ಹಾಕ್ಬೇಡಿ ಅಂತ ಫೋನಲ್ಲಿ ಹೇಳಿದ್ನಲ್ಲ!”

“ಖಾರ ಇಲ್ದ ಮಟನ್ ಹೆಂಗ ಆಗ್ತದ್ರೀ? ನಾಕು ಚಮಚಾ ಹಾಕೀನಿ.”

“ನಾಲ್ಕಾ? ಮುಗೀತು ನನ್ನ ಕಥೆ.”

ಅವರು ಮೈಸೂರಿನವರು. ಅವರಿಗೆ ಖಾರವೆಂದರೆ ಬಾಯುರಿ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಬೆಳೆದ ನನಗೆ ಖಾರವೆಂದರೆ ಕೊಬ್ಬರಿ, ಗಸಗಸೆ, ಬ್ಯಾಡಗಿ ಮೆಣಸಿನಕಾಯಿ ಹುರಿದು ಕುಟ್ಟಿದ ಮಸಾಲೆ. ಚಮಚ ಮುಂದೆ ಹಿಡಿದೆ. ಕಣ್ಣು ಮುಚ್ಚಿ ರುಚಿ ನೋಡಿದರು. ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು.

“ಉರೀತಾನೇ ಇಲ್ಲ!”

“ಬ್ಯಾಡಗಿರೀ. ಬಣ್ಣಾ ಭಾಳ, ಸಿಟ್ಟು ಕಡಿಮಿ. ನಿಮ್ಮಂಗಲ್ಲ.”

ನಕ್ಕುಬಿಟ್ಟರು. ನನ್ನವಳು ಹೋಗಿ ಎಂಟು ವರ್ಷವಾಗಿತ್ತು. ಅಷ್ಟೂ ವರ್ಷ ಆ ಅಡುಗೆಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಅವರದು ವೈನ್ ತರಿಸುವ ಕಂಪನಿಯಲ್ಲಿ ಕೆಲಸ. ಶನಿವಾರ ಹೋಟೆಲಿನವರಿಗೆಲ್ಲ ಊಟ ಹಾಕಿ, ಫ್ರಾನ್ಸಿನ ಕಾಓರ್ ಎಂಬ ಊರಿನ ಕಡೆಯ ಕೆಂಪು ವೈನ್ ನಮ್ಮ ಅಡುಗೆಗೂ ಹೊಂದುತ್ತದೆಂದು ತೋರಿಸಬೇಕಿತ್ತು. ಅಡುಗೆಯನ್ನು ನನಗೆ ವಹಿಸಿದ್ದರು. ಗಾಜಿನ ಲೋಟಕ್ಕೆ ಬಗ್ಗಿಸಿದರು. ಕಪ್ಪು ಎನ್ನುವಷ್ಟು ಕೆಂಪು.

“ಬಾಯುರಿಯೋ ಅಡುಗೆ ಜೊತೆ ಇದು ಇನ್ನೂ ಸುಡುತ್ತೆ. ಕೊಬ್ಬಿರೋ ಮಾಂಸ, ಅಣಬೆ ಅಂದ್ರೆ ಇದಕ್ಕೆ ಪ್ರಾಣ. ತಗೊಳ್ಳಿ.”

“ಅವ್ವಗ ಮಾತು ಕೊಟ್ಟೀನಿ. ಮುಟ್ಟಂಗಿಲ್ಲ. ನಾಲಿಗಿಗೆ ಏನಾಗ್ತದ, ಹೇಳ್ರಿ.”

“ಒಣಗಿ, ಹಿಡ್ಕೊಂಡ ಹಾಗೆ... ಟ್ಯಾನಿನ್ ಅಂತೀವಿ.”

“ನೇರಳೆಹಣ್ಣು ತಿಂದಂಗ?”

“ಹೂಂ! ಅದೇ!”

“ಅದು ಒಗರುರೀ.”

“ಒಗರು,” ಎಂದರು ಮೆಲ್ಲಗೆ. “ಈ ಮಾತೇ ಮರೆತುಹೋಗಿತ್ತು ನಂಗೆ.”

ಒಗರೆಂದರೆ ನನಗೆ ಗೊತ್ತು. ಹಾಲು ಸಕ್ಕರೆ ಇಲ್ಲದೆ ಚಹಾ ಕುದಿಸಿ ಕುದಿಸಿ ಕಪ್ಪು ಮಾಡಿದೆ. ಒಂದು ತುತ್ತು ಮಟನ್, ಒಂದು ಗುಟುಕು ಚಹಾ. ಕೊಬ್ಬು ಸೇರಿದಲ್ಲಿ ಒಗರು ಮೆತ್ತಗಾಗುತ್ತಿತ್ತು. ನಾನು ಚಹಾದಲ್ಲಿ, ಅವರು ವೈನಿನಲ್ಲಿ, ದಿನಾ ಸಂಜೆ ಎದುರುಬದುರು ಕೂತು ರುಚಿ ನೋಡಿದೆವು.

ಶುಕ್ರವಾರ ಅವರು ಲೋಟ ತಿರುಗಿಸುತ್ತ ಹೇಳಿದರು: “ನಾಳೆ ಗೆದ್ರೆ ನಂಗೆ ಸಿಡ್ನಿ. ಚಾಟ್ಸ್‌ವುಡ್ ಆಫೀಸಲ್ಲಿ ದೊಡ್ಡ ಪೋಸ್ಟು.”

“ಸೋತ್ರ?”

“ಕೆಲಸ ಹೋಗುತ್ತೆ. ಇಲ್ಲೇ ನಿಮ್ಮ ತಲೆ ತಿಂತಾ ಇರ್ತೀನಿ.”

ಹೇಳಿ ನನ್ನನ್ನೇ ನೋಡಿದರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಶನಿವಾರ ವೆರಿಬೀಯ ಹಾಲ್‌ನಲ್ಲಿ ಊಟ. ಒಲೆಯ ಪಕ್ಕದಲ್ಲೇ ಗುಂಟೂರು ಮೆಣಸಿನಪುಡಿಯ ಡಬ್ಬಿ. ಎರಡು ಚಮಚ ಸಾಕು, ಬಾಯಿ ಬೆಂಕಿಯಾಗುತ್ತದೆ, ಅವರು ಇಲ್ಲೇ ಉಳಿಯುತ್ತಾರೆ. ಚಮಚ ತುಂಬಿಕೊಂಡು ಪಾತ್ರೆಯ ಮೇಲೆ ಹಿಡಿದೆ. ಬಾಗಿಲ ಸಂದಿಯಲ್ಲಿ ಅವರು ವೈನ್ ಬಗ್ಗಿಸುವುದು ಕಾಣುತ್ತಿತ್ತು. ಅವರ ಕೈ ನಡುಗಿ ಬಾಟಲಿ ಲೋಟಕ್ಕೆ ತಾಗಿ ಟಿಣ್ಣೆಂದಿತು.

ಚಮಚದ ಪುಡಿಯನ್ನು ಸಿಂಕಿಗೆ ಸುರಿದೆ.

ಒಂದು ಗಂಟೆಯ ಮೇಲೆ ಓಡಿಬಂದರು. “ತಟ್ಟೆ ಎಲ್ಲ ಖಾಲಿ! ಇನ್ನೂ ಬಾಟಲಿ ಕೇಳ್ತಿದಾರೆ!” ಅಷ್ಟರಲ್ಲಿ ಕಣ್ಣು ಸಿಂಕಿನ ಕೆಂಪಿನ ಮೇಲೆ ಬಿತ್ತು. “ಇದೇನು, ಗುಂಟೂರಾ?”

“ಹೂಂ.”

ಒಲೆಯ ಪಕ್ಕದ ಡಬ್ಬಿಯ ಮುಚ್ಚಳ ಹಾಕಿದರು.

“ಮತ್ತೆ ಯಾಕೆ ಹಾಕ್ಲಿಲ್ಲ?”

“ನಿಮ್ಮ ಕೈ ನಡಗ್ಲಿಕತ್ತಿತ್ತು.”

ನಲ್ಲಿ ತಿರುಗಿಸಿ, ತಾವೇ ಸಿಂಕು ತೊಳೆದರು. ನನ್ನ ಕಡೆ ತಿರುಗದೆಯೇ ಅಂದರು: “ನೀವೂ ಒಗರೇ, ಮಡಿವಾಳಪ್ಪ. ಗಂಟಲು ಹಿಡಿಯುತ್ತೆ.”

ಏರ್‌ಪೋರ್ಟಿನಲ್ಲಿ ನನ್ನ ಬ್ಯಾಡಗಿ ಖಾರದ ಡಬ್ಬಿ ಕೊಟ್ಟೆ.

“ಇಷ್ಟು ಸಣ್ಣದಾ?”

“ಲಗೂ ಮುಗೀಲಿ ಅಂತ.”

“ಮುಗಿದ್ರೆ ಪಾರ್ಸೆಲ್ ಕಳಿಸ್ತೀರಾ?”

“ಇಲ್ಲ. ನಾನ ತರ್ತೀನಿ.”

ಡಬ್ಬಿಯನ್ನು ಬ್ಯಾಗಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದು ಒಳಗೆ ನಡೆದರು. ಅರುಂಧತಿ ಮೆಲ್ಬರ್ನ್ ಬಿಟ್ಟದ್ದು ಸೋಮವಾರ. ಖಾರ ಮುಗಿಯಿತೆಂದು ಫೋನ್ ಬಂದದ್ದು ಗುರುವಾರ.